ನಿಂತ ಗಡಿಯಾರಕ್ಕೆ ಗುಜರಿಯೇ ಗತಿಯೇ?

ಬಿಂಕದಕಟ್ಟಿಯಲ್ಲಿ ಹುಬ್ಬಳ್ಳಿ ಬಸ್ಸಿಗೆ ಕಾಯುವವರಾಗಲಿ, ಗದಗ ಪೇಟೆಗೆ ಸಂತಿಗೆ ಬಂದವರಾಗಲಿ, ಮೊಬೈಲ್ ಕಿಸೆಯಲ್ಲಿದ್ದರೂ ಅಂಗಡಿ ಗಡಿಯಾರದ ಕಡೆ ಒಮ್ಮೆ ಕಣ್ಣು ಹಾಯಿಸುವುದು ಬಿಟ್ಟಿಲ್ಲ. ಆ ಗಡಿಯಾರ ನಿಂತರೆ ಮಾತ್ರ ಮಾಲಕರದು ಒಂದೇ ಮಾತು: “ಹಳೇದಾತು, ಗುಜರಿಗೆ ಒಗೀರಿ!”

ಅಂಕಿಯ ಪಟ್ಟಿ ಟಕ್ಕನೆ ಮಗುಚಿ ಬೀಳುವ ಫ್ಲಿಪ್ ಗಡಿಯಾರಗಳ ಪಾಡೂ ಇದೇ. ಹೊರದೇಶದಿಂದ ಬಂದ ಈ ಯಂತ್ರಗಳಿಗೆ ಹೊಸ ಮೋಟಾರು ಸಿಗುವುದು ದುರ್ಲಭ. ಆದರೆ ನಿಂತದ್ದೆಲ್ಲ ಸತ್ತದ್ದಲ್ಲ! ಎಷ್ಟೋ ಸಲ ಗಾಲಿಗಳ ಎಣ್ಣೆ ಒಣಗಿ ಅಂಟಾಗಿರುತ್ತದೆ, ಅಷ್ಟೇ. ಪ್ಲಗ್ಗು ಕಿತ್ತು, ಬಿಚ್ಚಿ ತೊಳೆದು, ಒಂದು ಹನಿ ತೆಳು ಎಣ್ಣೆ ಬಿಟ್ಟರೆ ಮತ್ತೆ ತಿರುಗುತ್ತದೆ. ಕಾಯಿಲ್ ಸುಟ್ಟಿದ್ದರೆ ಮಾತ್ರ ಇನ್ನೊಂದು ಕೆಟ್ಟ ಗಡಿಯಾರದ ಮೋಟಾರು ಬೇಕು.

ಸಿಕ್ಕಿದ್ದನ್ನು ಸಿಕ್ಕಿಸಿದರೆ ಆಗದು. ಈ ಮೋಟಾರು ಕರೆಂಟಿನ ಸೈಕಲ್ ಎಣಿಸಿ ನಡೆಯುತ್ತದೆ. ನಮ್ಮದು 230 ವೋಲ್ಟ್, 50 ಸೈಕಲ್. ಅಮೆರಿಕದ 120 ವೋಲ್ಟಿನದನ್ನು ನೇರ ಜೋಡಿಸಿದರೆ ಸುಟ್ಟೀತು. ಟ್ರಾನ್ಸ್‌ಫಾರ್ಮರ್ ಇಟ್ಟರೂ 60 ಸೈಕಲ್ಲಿನ ಮೋಟಾರು ತಾಸಿಗೆ 10 ನಿಮಿಷ ಹಿಂದೆ! ನಂಬಿದವನ ಬಸ್ಸು ಹೋದಂತೆಯೇ. ಮೈಕ್ರೋವೇವ್ ಒಲೆಯ ತಟ್ಟೆ ತಿರುಗಿಸುವ ಮೋಟಾರು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಹೊರಡುತ್ತದೆ. ತಟ್ಟೆಗೆ ನಡೆದೀತು, ಗಡಿಯಾರಕ್ಕೆ ನಡೆಯದು.

“ಇಷ್ಟೆಲ್ಲ ಯಾಕ್ ಬೇಕ್ರೀ? ಇವು ಹೊಸದಿದ್ದಾಗಲೂ ಟೈಮ್ ಸರಿ ತೋರಿಸ್ತಿರಲಿಲ್ಲ” ಎನ್ನುವವರುಂಟು. ತಪ್ಪು ಗಡಿಯಾರದ್ದೇ? 1980ರ ದಶಕದಲ್ಲಿ ಸೈಕಲ್ 49ಕ್ಕೂ ಕೆಳಗಿಳಿಯುತ್ತಿತ್ತು. 49ರಲ್ಲಿ ಹತ್ತು ತಾಸು ನಡೆದರೆ 12 ನಿಮಿಷ ಹಿಂದೆ ಬೀಳುತ್ತದೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆ.ವಿ. ಲೈನು ಕೂಡಿ, ದಕ್ಷಿಣದ ವಿದ್ಯುತ್ ಜಾಲ ದೇಶದ ಜಾಲಕ್ಕೆ ಸೇರಿತು. ಈಗ ಸೈಕಲ್ಲು 50ರ ಆಸುಪಾಸೇ ಇರುತ್ತದೆ. ಪ್ರಾಯದಲ್ಲಿ ತಪ್ಪಿದ ಗಡಿಯಾರ ಮುಪ್ಪಿನಲ್ಲಿ ಸರಿ ನಡೆಯುವ ಕಾಲ ಬಂದಿದೆ. ಕರೆಂಟು ಹೋಗಿ ಬಂದಾಗ ಮುಳ್ಳಿನ ಬದಲು ಅಂಕಿ ತಿದ್ದಿಕೊಂಡರಾಯಿತು!

ಎಚ್‌ಎಂಟಿಯ ಪಾಠವೂ ಕಣ್ಣೆದುರಿಗಿದೆ. 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕೈಗಡಿಯಾರ ಉದ್ಯಮವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿತು. ಆದರೂ ಎಷ್ಟೋ ಹಳೆಯ ಎಚ್‌ಎಂಟಿ ಇಂದಿಗೂ ನಡೆಯುತ್ತಿವೆ. ಒಂದರ ಗಾಲಿ ಇನ್ನೊಂದಕ್ಕೆ ಕೂಡಿಸುವ ರಿಪೇರಿಯವರ ಪುಣ್ಯ!

ಆದ್ದರಿಂದ ಗುಜರಿಯವರು ಚೂರು ತಾಮ್ರದಾಸೆಗೆ ಮೋಟಾರು ಒಡೆಯದೆ, ವೋಲ್ಟು, ಸೈಕಲ್ಲು, ಸುತ್ತು ನೋಡಿ ಬೇರೆ ಡಬ್ಬಿಗೆ ಹಾಕಿಡಲಿ. ತೂಕದ ದರಕ್ಕಿಂತ ನಾಲ್ಕು ಕಾಸು ಹೆಚ್ಚೇ ಸಿಕ್ಕೀತು. ಐಟಿಐಗಳಲ್ಲಿ ದೊಡ್ಡ ಮೋಟಾರು ಸುತ್ತುವ ಹುಡುಗರ ಕೈಗೆ ಈ ಸಣ್ಣ ಕಾಯಿಲ್ಲೂ ಬರಲಿ. ಮಾಲಕರೂ ರಿಪೇರಿಯವನ ಕೂಲಿಗೆ ಚೌಕಾಸಿ ಮಾಡುವುದು ಬಿಡಲಿ. ಕೂಲಿ ಗಿಟ್ಟದಿದ್ದರೆ ಆ ಕಸುಬುದಾರನೂ ಅಂಗಡಿ ಮುಚ್ಚುತ್ತಾನೆ. ಅವನಿಗೆ ಮಾತ್ರ ಯಾವ ಗುಜರಿಯಲ್ಲೂ ಬದಲಿ ಬಿಡಿಭಾಗ ಸಿಗುವುದಿಲ್ಲ!