ಡಿಡಿಆರ್5 ಬೆನ್ನು ಹತ್ತುವ ಮುಂಚೆ ‘ಎಷ್ಟು ಜಿಬಿ’ ಅಂತ ಕೇಳಿ

ಹಿರೇಹಂದಿಗೋಳದಲ್ಲಿ ನಮ್ಮಣ್ಣನ ಮಗ ಸಣ್ಣದೊಂದು ಅಂಗಡಿ ಹಾಕುತ್ತಿದ್ದಾನೆ. ಆನ್‌ಲೈನ್ ಅರ್ಜಿ, ಪಹಣಿ ಪ್ರಿಂಟು, ಲಗ್ನಪತ್ರಿಕೆ, ಮದುವೆ ಆಲ್ಬಮ್, ಜೊತೆಗೆ ಒಂದಿಷ್ಟು ವಿಡಿಯೊ ಎಡಿಟಿಂಗ್. ಬಂಡವಾಳದಲ್ಲಿ ಒಂದು ಪಾಲು ಹೆಸರುಕಾಳು ಮಾರಿದ ರೊಕ್ಕ. ಉಳಿದದ್ದು ಅವರವ್ವ ಸಂಘದಿಂದ ಎತ್ತಿದ ಸಾಲ. ವಾರ ವಾರ ಕಂತು ಕಟ್ಟಬೇಕು.

ಹೋದ ವಾರ ಹುಬ್ಬಳ್ಳಿಗೆ ಹೋಗಿ, ಕಂಪ್ಯೂಟರ್ ಅಸೆಂಬಲ್ ಮಾಡಿಸಲು ಎರಡು ಕೊಟೇಶನ್ ತಂದ. ಒಂದರಲ್ಲಿ ರೈಜನ್ 5 8500ಜಿ ಪ್ರೊಸೆಸರ್, 8 ಜಿಬಿಯ ಒಂದೇ ಡಿಡಿಆರ್5 ರ‍್ಯಾಮ್. ಇನ್ನೊಂದರಲ್ಲಿ ರೈಜನ್ 5 5600ಜಿ, 8 ಜಿಬಿಯ ಎರಡು ಸ್ಟಿಕ್ ಸೇರಿ 16 ಜಿಬಿ ಡಿಡಿಆರ್4. ಒಟ್ಟು ಮೊತ್ತ ಹೆಚ್ಚುಕಡಿಮೆ ಒಂದೇ.

“ಕಾಕಾ, ಡಿಡಿಆರ್4 ಹಳೇದಾತಂತ. ಹಳೇದ್ ತಗೊಂಡ್ರ ಮಂದಿ ನಗ್ತಾರ” ಅಂದ.

“ಮಂದಿ ನಿನ್ನ ಕಂಪ್ಯೂಟರ್ ಬಿಚ್ಚಿ ನೋಡ್ತಾರೇನಪಾ? ಆಲ್ಬಮ್ ಯಾವಾಗ ಕೊಡ್ತಿ ಅಂತ ಕೇಳ್ತಾರ” ಅಂದೆ.

ನನ್ನ ಮಾತು ಇಷ್ಟೇ: ರೊಕ್ಕ ಅಷ್ಟೇ ಇದ್ದಾಗ, 8 ಜಿಬಿ ಹೊಸ ರ‍್ಯಾಮ್‌ಗಿಂತ 16 ಜಿಬಿ ಹಳೇ ರ‍್ಯಾಮ್ ಮೇಲು.

ಯಾಕೆ ಅಂತ ನಮ್ಮ ರಾಶಿ ಕೆಲಸದ ಲೆಕ್ಕದಲ್ಲೇ ನೋಡೋಣ. ಕಾಳು ತುಂಬಿಡುವ ಹಗೇವು ಅಂದರೆ ಎಸ್‌ಎಸ್‌ಡಿ. ರಾಶಿ ಮಾಡುವ ಕಣ ಅಂದರೆ ರ‍್ಯಾಮ್. ಡಿಡಿಆರ್5 ಬಂದರೆ ಕಣದಲ್ಲಿ ಕೈ ಚುರುಕಾಗುತ್ತದೆ, ನಿಜ. ಸಾಮಾನ್ಯ ಡಿಡಿಆರ್4 ಸೆಕೆಂಡಿಗೆ 320 ಕೋಟಿ ಸಲ ಮಾಹಿತಿ ದಾಟಿಸಿದರೆ, ಡಿಡಿಆರ್5 ಶುರುವಾಗುವುದೇ 480 ಕೋಟಿಯಿಂದ. ಆದರೆ ಕಣವೇ ಸಣ್ಣದಿದ್ದರೆ ಅರ್ಧ ಮಾಲು ಹೊರಗೆ ಕಾಯುತ್ತದೆ. ಕಂಪ್ಯೂಟರ್ ಆಗ ಆ ಮಾಲನ್ನು ಎಸ್‌ಎಸ್‌ಡಿಗೂ ರ‍್ಯಾಮ್‌ಗೂ ಎತ್ತಿ ಹಾಕುತ್ತಾ ಕೂರುತ್ತದೆ. ಎಸ್‌ಎಸ್‌ಡಿ ಎಷ್ಟೇ ಚುರುಕಿದ್ದರೂ ರ‍್ಯಾಮ್‌ಗಿಂತ ಬಹಳ ನಿಧಾನ.

ಫೋಟೊಶಾಪ್‌ಗೆ ಕನಿಷ್ಠ 8 ಜಿಬಿ ಬೇಕು, 16 ಜಿಬಿ ಇದ್ದರೆ ಒಳ್ಳೇದು ಅಂತ ಅದನ್ನು ಮಾಡುವ ಅಡೋಬಿಯವರೇ ಹೇಳುತ್ತಾರೆ. ಮೇಲಾಗಿ ಈ ಎರಡೂ ಕೊಟೇಶನ್‌ನಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಪರದೆಯ ಕೆಲಸಕ್ಕೂ ಅದೇ ರ‍್ಯಾಮ್‌ನಲ್ಲಿ ಒಂದು ಪಾಲು ಹೋಗುತ್ತದೆ. 8 ಜಿಬಿ ಅಂತ ಕೊಂಡರೂ ಪೂರಾ 8 ಕೈಗೆ ಸಿಗುವುದಿಲ್ಲ.

“ಈಗ 8 ಹಾಕಿಸ್ತೀನಿ, ಆಮ್ಯಾಲ ಇನ್ನೊಂದು 8 ಹಾಕಿಸಿದ್ರಾತು” ಅನ್ನುವುದು ಅವನ ವಾದ. ಈ ಮಾತು ನಾನೂ ಆಡಿದವನೇ. ಡಿಪ್ಲೊಮಾ ಮುಗಿಸಿ 2016ರಲ್ಲಿ ಕಂಪ್ಯೂಟರ್ ಮಾಡಿಸಿದಾಗ, ಈಗ ಹಳೇದು ಅನ್ನುವ ಇದೇ ಡಿಡಿಆರ್4 ಹೊಚ್ಚ ಹೊಸದು. ಮುಂದಕ್ಕೆ ಬರುತ್ತದೆ ಅಂತ ಅದನ್ನೇ ಆರಿಸಿ, ರೊಕ್ಕ ಸಾಲದೆ 4 ಜಿಬಿ ಹಾಕಿಸಿದೆ. ಆ ‘ಆಮೇಲೆ’ ಬರಲು ನಾಲ್ಕು ವರ್ಷ ಹಿಡಿಯಿತು. ಒಮ್ಮೆ ಮಳೆಹಾನಿಯ ವಿಡಿಯೊ ಕಳಿಸಲು ಕೂತಾಗ ಸಿಸ್ಟಮ್ ಎರಡು ಸಲ ನಿಂತುಹೋಯಿತು. ನನ್ನ ವಿಡಿಯೊ ಹೋಗುವಷ್ಟರಲ್ಲಿ ಬೇರೆಯವರ ಸುದ್ದಿ ಬಂದಾಗಿತ್ತು. ಆ ದಿನದ ರೊಕ್ಕ ನನಗೆ ಸಿಗಲಿಲ್ಲ.

ಹಾಗಂತ ಡಿಡಿಆರ್5 ಬೇಡವೇ ಬೇಡ ಅನ್ನುತ್ತಿಲ್ಲ. ಡಿಡಿಆರ್4 ಕೂರುವ ಎಎಮ್4 ಬೋರ್ಡಿಗೆ ಮುಂದಿನ ದಾರಿ ಹೆಚ್ಚು ಉಳಿದಿಲ್ಲ. ಡಿಡಿಆರ್5 ಕೂರುವ ಎಎಮ್5 ಬೋರ್ಡಿಗೆ 2027ರವರೆಗೂ, ಅದರಾಚೆಗೂ ಹೊಸ ಪ್ರೊಸೆಸರ್ ಕೊಡುತ್ತೇವೆ ಅಂತ ಎಎಮ್‌ಡಿ ಹೇಳಿದೆ. ನಿಮ್ಮ ಕೈಯಲ್ಲಿ 16 ಜಿಬಿ ಡಿಡಿಆರ್5ಗೆ ಸಾಕಾಗುವಷ್ಟು ರೊಕ್ಕವಿದ್ದರೆ, ಏಳೆಂಟು ವರ್ಷ ಅದೇ ಕಂಪ್ಯೂಟರ್ ಬಳಸುವವರಾದರೆ, ಕಣ್ಣುಮುಚ್ಚಿ ಅದನ್ನೇ ಕೊಳ್ಳಿ. ಸಾಲ ತಂದವರ ಲೆಕ್ಕ ಬೇರೆ. ಅವರಿಗೆ ಈ ಸಲದ ಲಗ್ನದ ಸೀಸನ್ನಿನಲ್ಲೇ ಕಂಪ್ಯೂಟರ್ ದುಡಿಯಬೇಕು.

ಇನ್ನು ರೇಟಿನ ಮಾತು. 2025ರ ಕೊನೆಯಿಂದ ರ‍್ಯಾಮ್ ದರ ವಿಪರೀತ ಏರಿದೆ. ಜಗತ್ತಿನ ಬಹುಪಾಲು ರ‍್ಯಾಮ್ ಚಿಪ್ ಮಾಡುವುದು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಅನ್ನುವ ಮೂರು ಕಂಪನಿಗಳು. ಎಐ ಡೇಟಾ ಸೆಂಟರ್‌ಗಳಿಂದ ದೊಡ್ಡ ಆರ್ಡರ್ ಬರುತ್ತಿರುವುದರಿಂದ ಅವರ ಲಕ್ಷ್ಯವೆಲ್ಲ ಆ ಕಡೆ. ಮೈಕ್ರಾನ್ ಅಂತೂ ನಮ್ಮಂಥವರು ಕೊಳ್ಳುತ್ತಿದ್ದ ಕ್ರುಶಿಯಲ್ ಬ್ರಾಂಡಿನ ವ್ಯಾಪಾರವನ್ನೇ ಬಿಡುವುದಾಗಿ 2025ರ ಡಿಸೆಂಬರ್‌ನಲ್ಲಿ ಹೇಳಿತು. ಡಿಡಿಆರ್4 ತಯಾರಿಕೆಯನ್ನೂ ಕಂಪನಿಗಳು ಇಳಿಸುತ್ತಿವೆ. ಹಾಗಾಗಿ ಹಳೇದು ಯಾವಾಗಲೂ ಅಗ್ಗ ಅಂತ ನಂಬಬೇಡಿ. ಎರಡರ ರೇಟನ್ನೂ ಒಂದೇ ದಿನ ಕೇಳಿ ಹೋಲಿಸಿ.

ರೊಕ್ಕ ಕೊಡುವ ಮುಂಚೆ ಇಷ್ಟು ಮಾಡಿ:

ಮನೆಯಲ್ಲಿ ಡಿಡಿಆರ್4 ಕಂಪ್ಯೂಟರ್ ಇದ್ದರೆ ಹೊಸದರ ಮಾತು ಆಮೇಲೆ. ದಿನದ ಕೆಲಸವೆಲ್ಲ ತೆರೆದಿಟ್ಟು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ 90ರ ಮೇಲೆ ನಿಂತಿದ್ದರೆ, ಖಾಲಿ ಸ್ಲಾಟಿಗೆ ಇನ್ನೊಂದು ಸ್ಟಿಕ್ ಹಾಕಿಸಿದರೆ ಸಾಕಾಗಬಹುದು.

ಡಿಡಿಆರ್4 ಬೋರ್ಡಿನಲ್ಲಿ ಡಿಡಿಆರ್5 ಕೂರುವುದಿಲ್ಲ, ಅದರಲ್ಲಿ ಇದೂ ಕೂರುವುದಿಲ್ಲ. ಎರಡಕ್ಕೂ 288 ಪಿನ್ನೇ ಇದ್ದರೂ ನಡುವಿನ ಕಚ್ಚು ಬೇರೆ ಜಾಗದಲ್ಲಿದೆ. ಬೋರ್ಡ್ ಆರಿಸಿದಿರಿ ಅಂದರೆ ರ‍್ಯಾಮ್ ಯಾವುದು ಅನ್ನುವುದೂ ತೀರ್ಮಾನವಾದಂತೆ.

ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ 16ರ ಒಂದು ಸ್ಟಿಕ್‌ಗಿಂತ 8ರ ಎರಡು ಸ್ಟಿಕ್ ಹಾಕಿಸಿ. ಚಿತ್ರ, ವಿಡಿಯೊ ಕೆಲಸ ಚುರುಕಾಗುತ್ತದೆ.

ಬಿಲ್ಲಿನಲ್ಲಿ ಬರೀ ‘ರ‍್ಯಾಮ್’ ಅಂತ ಬರೆಸಿಕೊಳ್ಳಬೇಡಿ. ಡಿಡಿಆರ್ ಯಾವುದು, ಎಷ್ಟು ಜಿಬಿ, ಎಷ್ಟು ಸ್ಟಿಕ್, ಯಾವ ಕಂಪನಿ, ವಾರಂಟಿ ಎಷ್ಟು ವರ್ಷ, ಎಲ್ಲವೂ ಇರಲಿ.

ಹುಡುಗ ಇನ್ನೂ ಅಡ್ವಾನ್ಸ್ ಕೊಟ್ಟಿಲ್ಲ. ಮೊನ್ನೆ ಫೋನ್ ಮಾಡಿ, “16ರದ್ದು ತಗೊಂಡ್ರ ಕಂತು ಮುಗಿಯೋತನಕ ಮತ್ತ ಖರ್ಚ್ ಇಲ್ಲಲ್ಲ ಕಾಕಾ?” ಅಂತ ಕೇಳಿದ. ರ‍್ಯಾಮ್ ಸಲುವಾಗಿ ಅಂತೂ ಇಲ್ಲ ಅಂದೆ. ಈ ಶನಿವಾರ ಅವನ ಜೊತೆ ನಾನೂ ಹುಬ್ಬಳ್ಳಿ ಬಸ್ ಹತ್ತುತ್ತಿದ್ದೇನೆ.