ಒಂದು ದಿನದ ಖರ್ಚು ಎಷ್ಟೆಂದು ಮನೆಯಲ್ಲೇ ತಿಳಿಯಲಿ

ಇವರಿಗೆ,
ಮಾನ್ಯ ಪ್ರವಾಸೋದ್ಯಮ ಸಚಿವರು, ಕಾನೂನು ಮಾಪನಶಾಸ್ತ್ರ ಇಲಾಖೆಯ ಅಧಿಕಾರಿಗಳು ಮತ್ತು ರಾಜ್ಯದ ಮನರಂಜನಾ ಪಾರ್ಕ್‌ಗಳ ಮಾಲೀಕರು.

ವಿಷಯ: ಪಾರ್ಕ್‌ಗಳಲ್ಲಿ ಟಿಕೆಟ್ ದರದ ಹೊರಗೆ ಬೀಳುವ ಖರ್ಚುಗಳ ಕುರಿತು.

ಮಾನ್ಯರೇ,

ಮನರಂಜನಾ ಪಾರ್ಕ್ ದುಬಾರಿಯಾಯಿತು ಎಂದು ದೂರಲು ಈ ಪತ್ರ ಬರೆಯುತ್ತಿಲ್ಲ. ಅಷ್ಟು ದೊಡ್ಡ ಯಂತ್ರಗಳು, ಬೆಳಿಗ್ಗೆ ಬಾಗಿಲು ತೆರೆಯುವ ಮುಂಚೆ ಅವನ್ನು ಓಡಿಸಿ ನೋಡುವ ತಂತ್ರಜ್ಞರು, ನೀರು ಸೋಸುವ ಘಟಕ, ಕೊಳದ ದಡದಲ್ಲಿ ಸೀಟಿ ಹಿಡಿದು ನಿಲ್ಲುವ ಹುಡುಗರು, ಎಲ್ಲಕ್ಕೂ ದುಡ್ಡು ಬೇಕು. 2019ರ ಜುಲೈನಲ್ಲಿ ಅಹಮದಾಬಾದಿನ ಕಾಂಕರಿಯಾ ಕೆರೆ ಬಳಿಯ ಪಾರ್ಕಿನಲ್ಲಿ ತೂಗುವ ರೈಡೊಂದು ಮುರಿದು ಬಿದ್ದು ಇಬ್ಬರು ಸತ್ತರು. ಸುರಕ್ಷತೆಯಲ್ಲಿ ಉಳಿಸಿ ನಮಗೆ ಅಗ್ಗದ ಟಿಕೆಟ್ ಕೊಡಿ ಎಂದು ಯಾವ ತಾಯಿಯೂ ಕೇಳುವುದಿಲ್ಲ. ನನ್ನ ದೂರು ಇಷ್ಟೇ: ಆ ದಿನಕ್ಕೆ ಒಟ್ಟು ಎಷ್ಟು ಖರ್ಚಾಗುತ್ತದೆ ಎಂಬುದನ್ನು ನೀವು ಮೊದಲೇ ಹೇಳುವುದಿಲ್ಲ. ಕೈಯಲ್ಲಿ ಬೇಕಾದಷ್ಟು ಇರುವವರಿಗೆ ಅದು ದೊಡ್ಡ ಸಂಗತಿಯಲ್ಲ. ಎಣಿಸಿ ಇಟ್ಟುಕೊಂಡು ಬರುವವರಿಗೆ ಅದೇ ಎಲ್ಲ.

ನಮ್ಮದು ತಿಪಟೂರು ಕಡೆಯ ಮನೆ. ಯಜಮಾನರು ಗೂಡ್ಸ್ ಆಟೊ ಓಡಿಸುತ್ತಾರೆ, ನಾನು ಮನೆಯಲ್ಲಿ ಬಟ್ಟೆ ಹೊಲಿಯುತ್ತೇನೆ. ಅತ್ತೆಯವರು, ಒಬ್ಬ ಮಗ, ಒಬ್ಬಳು ಮಗಳು. ನಮ್ಮಂಥ ಮನೆಗಳಲ್ಲಿ ಪ್ರವಾಸದ ದುಡ್ಡು ಒಂದೇ ಸಲ ಬರುವುದಿಲ್ಲ. ಚೀಟಿಯದ್ದು ಒಂದಿಷ್ಟು, ಡೇರಿಯ ಬಟವಾಡೆಯದ್ದು ಒಂದಿಷ್ಟು, ಕೊಬ್ಬರಿಗೆ ಒಳ್ಳೆ ಬೆಲೆ ಸಿಕ್ಕ ವಾರ ಇನ್ನೊಂದಿಷ್ಟು. ಮಕ್ಕಳು ವರ್ಷದಿಂದ ಕೇಳುತ್ತಿದ್ದರು, ದಸರಾ ರಜೆಗೆ ಹೋಗೋಣ ಅಂತ ಒಪ್ಪಿಕೊಂಡೆವು. ಬಸ್ಸಿನ ಖರ್ಚು ಮೊದಲಿನಷ್ಟು ಹೆದರಿಸುವುದಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಿದೆ. ಅತ್ತೆ, ನಾನು, ಮಗಳು ಮೂವರಿಗೂ ಶೂನ್ಯ ಟಿಕೆಟ್. ಯಜಮಾನರಿಗೆ ಮತ್ತು ಮಗನಿಗೆ ಮಾತ್ರ ದುಡ್ಡು. ಸರ್ಕಾರ ಆ ಒಂದು ಭಾರ ಇಳಿಸಿದ್ದರಿಂದಲೇ ಪಾರ್ಕಿನ ಮಾತು ನಮ್ಮ ಮನೆಯಲ್ಲಿ ಎದ್ದಿತು.

ಪಾರ್ಕ್ ಯಾವುದೆಂದು ಹೇಳುವುದಿಲ್ಲ, ಒಂದರ ಮೇಲೆ ಹೊರಿಸುವ ಉದ್ದೇಶ ನನಗಿಲ್ಲ. ಮೊಬೈಲಿನಲ್ಲಿ ಮೊದಲು ಕಂಡ ದರ ದೊಡ್ಡವರಿಗೆ 1,100 ರೂಪಾಯಿ. ಭಾನುವಾರವನ್ನು ಆರಿಸಿದ ಕೂಡಲೇ ಅದು 1,350 ಆಯಿತು. ಹಣ ಕಟ್ಟುವ ಪುಟಕ್ಕೆ ಬಂದಾಗ ಶೇ 18ರ ಜಿಎಸ್‌ಟಿ, ಅಂದರೆ 243 ರೂಪಾಯಿ ಸೇರಿ 1,593. ಅದರ ಮೇಲೆ ಬುಕಿಂಗ್ ಶುಲ್ಕ. ಮನೆಯಿಂದ ಹೊರಡುವ ಮುಂಚೆಯೇ ಒಬ್ಬರಿಗೆ ಸುಮಾರು ಐನೂರು ರೂಪಾಯಿ ಹೆಚ್ಚಿತ್ತು. ಮಗನಿಗೆ ಹನ್ನೆರಡು ವರ್ಷ, ಎತ್ತರದ ಹುಡುಗ. ಅಳತೆಗೋಲಿನ ಪ್ರಕಾರ ಅವನೂ ದೊಡ್ಡವನೇ, ಪೂರ್ತಿ ಟಿಕೆಟ್. ಮಗಳು ಅರ್ಧದಷ್ಟು ರೈಡ್‌ಗಳಿಗೆ ಎತ್ತರ ಸಾಲದವಳು. ಅವಳಿಗೂ ಮಕ್ಕಳ ಟಿಕೆಟ್ ಪೂರ್ತಿ ಕೊಡಬೇಕು. ಅತ್ತೆಯವರು ಯಾವ ರೈಡನ್ನೂ ಹತ್ತುವವರಲ್ಲ. ನೆರಳಿನಲ್ಲಿ ಕೂತು ಮೊಮ್ಮಕ್ಕಳನ್ನು ನೋಡುವವರು. ಅವರಿಗೂ ಟಿಕೆಟ್, ಹಿರಿಯರೆಂದು ಸ್ವಲ್ಪ ಕಡಿಮೆ ಅಷ್ಟೆ.

ನಮ್ಮೂರ ಜಾತ್ರೆಯಲ್ಲಿ ತೊಟ್ಟಿಲು ಹಾಕುವವನು ಹೀಗೆ ಮಾಡುವುದಿಲ್ಲ. ಇಷ್ಟು ಕೊಟ್ಟರೆ ಇಷ್ಟು ಸುತ್ತು ಎಂದು ಕೂಗಿ ಹೇಳುತ್ತಾನೆ. ಕೂತವರು ಕೊಡುತ್ತಾರೆ, ನಿಂತು ನೋಡುವ ಅಜ್ಜಿ ಕೊಡುವುದಿಲ್ಲ. 1955ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಡಿಸ್ನಿಲ್ಯಾಂಡ್ ತೆರೆದಾಗ ಅಲ್ಲಿಯೂ ಪ್ರವೇಶಕ್ಕೆ ಒಂದು ಡಾಲರ್, ರೈಡ್‌ಗಳಿಗೆ ಬೇರೆ ಬೇರೆ ಚೀಟಿ ಇತ್ತು. ಆ ಪದ್ಧತಿ 1982ರವರೆಗೂ ನಡೆಯಿತು. ಒಂದೇ ಟಿಕೆಟ್‌ನಲ್ಲಿ ಎಲ್ಲವೂ ಎಂಬುದು ಆಮೇಲಿನದು, ಅದರಲ್ಲಿ ಅನುಕೂಲವೂ ಇದೆ. ಮಕ್ಕಳು ಪ್ರತಿ ಸಲ ಅಪ್ಪನ ಜೇಬು ನೋಡಬೇಕಾಗಿಲ್ಲ. ಆದರೆ ಎಲ್ಲದಕ್ಕೂ ಸೇರಿ ಒಂದೇ ಟಿಕೆಟ್ ಅಂದಮೇಲೆ ಒಳಗೆ ಮತ್ತೆ ಮತ್ತೆ ಪರ್ಸ್ ತೆಗೆಯುವಂತೆ ಆಗಬಾರದು.

ಒಳಗೆ ಆದದ್ದು ಅದೇ. ಹತ್ತಿಬಟ್ಟೆಯಲ್ಲಿ ನೀರಿಗೆ ಇಳಿಯುವಂತಿಲ್ಲ, ನೈಲಾನ್ ಉಡುಪೇ ಆಗಬೇಕು. ಹತ್ತಿಯ ನೂಲು ಬಿಟ್ಟುಕೊಂಡು ಸೋಸುವ ಯಂತ್ರಕ್ಕೆ ಸಿಕ್ಕಿಕೊಳ್ಳುತ್ತದೆ, ನೆನೆದರೆ ಭಾರವಾಗುತ್ತದೆ ಎಂದು ಅಲ್ಲಿನ ಹುಡುಗಿ ಹೇಳಿದಳು. ಹೊಲಿಗೆಯವಳಾದ ನನಗೆ ಅದು ಅರ್ಥವಾಗುತ್ತದೆ, ನಿಯಮ ಸರಿಯಾದದ್ದೇ. ಹಾಗಾದರೆ ಟಿಕೆಟ್ ಕೊಳ್ಳುವಾಗಲೇ ಕನ್ನಡದಲ್ಲಿ, ಕಣ್ಣಿಗೆ ಬೀಳುವ ಅಕ್ಷರದಲ್ಲಿ ಯಾಕೆ ಹೇಳುವುದಿಲ್ಲ? ಹೇಳಿದ್ದರೆ ಊರಲ್ಲೇ ಬಟ್ಟೆ ತಂದು ಮಕ್ಕಳಿಗೆ ನಾನೇ ಹೊಲಿಯುತ್ತಿದ್ದೆ. ಅಲ್ಲಿನ ಅಂಗಡಿಯಲ್ಲಿ ಅವರು ಹೇಳಿದ ಬೆಲೆ ಕೊಟ್ಟು ಮಕ್ಕಳಿಬ್ಬರಿಗೆ ತೆಗೆದುಕೊಂಡೆವು. ನಾನು ಚೂಡಿದಾರದಲ್ಲೇ ದಡದಲ್ಲಿ ಕೂತೆ. ಲಾಕರಿಗೆ ಬಾಡಿಗೆ ಬೇರೆ, ಠೇವಣಿ ಬೇರೆ. ಠೇವಣಿ ವಾಪಸ್ ಬರುತ್ತದೆ, ನಿಜ. ಆದರೆ ಲೆಕ್ಕ ಹಾಕಿ ತಂದ ನೋಟು ಸಂಜೆಯವರೆಗೆ ಕೌಂಟರಿನಲ್ಲಿ ಸಿಕ್ಕಿಕೊಂಡರೆ ಮಧ್ಯಾಹ್ನದ ಊಟಕ್ಕೆ ಕೈ ಬಿಗಿಯಾಗುತ್ತದೆ.

ಊಟದ ವಿಷಯವೇ ನನಗೆ ಹೆಚ್ಚು ನೋವು ತಂದದ್ದು. ಅತ್ತೆಯವರಿಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ತಿನ್ನಬೇಕು. ಚಪಾತಿ, ಪಲ್ಯ, ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಹೋಗಿದ್ದೆವು. ಬಾಗಿಲಲ್ಲಿ ಚೀಲ ತೆಗೆಸಿ ಡಬ್ಬಿ ಹೊರಗಿಡಲು ಹೇಳಿದರು. ಸೆಕ್ಯುರಿಟಿಯವರನ್ನು ನಾನು ದೂರುವುದಿಲ್ಲ, ಅವರೂ ನಮ್ಮಂಥ ಮನೆಯಿಂದ ಬಂದವರೇ, ಹೇಳಿದ ಕೆಲಸ ಮಾಡುತ್ತಾರೆ. ಒಳಗೆ ಐವರ ಊಟಕ್ಕೆ ಕೊಟ್ಟ ದುಡ್ಡಿನಲ್ಲಿ ನಮ್ಮ ಮನೆಗೆ ಹದಿನೈದು ದಿನದ ತರಕಾರಿ ಬರುತ್ತಿತ್ತು. ಹೊರಗೆ ಇಪ್ಪತ್ತಕ್ಕೆ ಸಿಗುವ ನೀರಿನ ಬಾಟಲಿಗೆ ಒಳಗೆ ನಲವತ್ತು.

ಕಾನೂನು ತಮ್ಮ ಕಡೆಗಿದೆ ಎಂದು ಮಾಲೀಕರು ಹೇಳಬಹುದು. ಚಿತ್ರಮಂದಿರದೊಳಗೆ ಹೊರಗಿನ ತಿಂಡಿ ತರಬಾರದೆಂದು ಮಾಲೀಕರು ನಿಯಮ ಮಾಡಬಹುದು ಎಂದು ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಹೇಳಿದೆ. ಅದೇ ತೀರ್ಪಿನಲ್ಲಿ ಇನ್ನೆರಡು ಮಾತಿವೆ: ಪ್ರೇಕ್ಷಕರಿಗೆ ಶುದ್ಧ ಕುಡಿಯುವ ನೀರು ಉಚಿತವಾಗಿ ಇರಬೇಕು, ಹಸುಗೂಸಿನ ತಂದೆತಾಯಿ ಮಗುವಿಗೆ ಬೇಕಾದಷ್ಟು ಆಹಾರ ತರಬಹುದು. ಹೋಟೆಲು, ರೆಸ್ಟೋರೆಂಟುಗಳು ನೀರಿನ ಬಾಟಲಿಗೆ ಎಂಆರ್‌ಪಿಗಿಂತ ಹೆಚ್ಚು ತೆಗೆದುಕೊಳ್ಳಬಹುದೆಂದು ಅದೇ ನ್ಯಾಯಾಲಯ 2017ರ ಡಿಸೆಂಬರಿನಲ್ಲಿ ಹೇಳಿತ್ತು. ಅಲ್ಲಿ ಕುರ್ಚಿ, ಫ್ಯಾನು, ಬಡಿಸುವ ಸೇವೆ ಇರುತ್ತದೆ. ಪಾರ್ಕಿನ ಗೂಡಂಗಡಿಯ ಮುಂದೆ ನಿಂತು ಬಾಟಲಿ ಕೊಂಡರೆ ಯಾವ ಸೇವೆ ಸಿಕ್ಕಿತು? ಸಿನಿಮಾ ಎಂದರೆ ಮೂರು ಗಂಟೆ, ಹಸಿದುಕೊಂಡೇ ನೋಡಿ ಬರಬಹುದು. ಪಾರ್ಕಿನಲ್ಲಿ ಬೆಳಿಗ್ಗೆ ಹನ್ನೊಂದರಿಂದ ಸಂಜೆ ಆರರವರೆಗೆ, ಅದೂ ನೀರಿನಲ್ಲಿ, ಬಿಸಿಲಿನಲ್ಲಿ. ನಡುವೆ ಹೊರಗೆ ಹೋಗಿ ಉಂಡು ಬರಲು ಬಿಡುವುದಿಲ್ಲ, ಒಳಗೆ ತರಲೂ ಬಿಡುವುದಿಲ್ಲ. ಎರಡರಲ್ಲಿ ಒಂದನ್ನಾದರೂ ಬಿಡಿ ಎಂಬುದು ನ್ಯಾಯದ ಮಾತಲ್ಲವೇ? ಬಾಗಿಲ ಹೊರಗೆ ನಾಲ್ಕು ಕಲ್ಲುಬೆಂಚು, ಒಂದು ಚಪ್ಪರ, ಒಂದು ನಲ್ಲಿ ಹಾಕಿ, ಕೈಗೆ ಮುದ್ರೆ ಒತ್ತಿ ಊಟಕ್ಕೆ ಬಿಟ್ಟರೆ ಸಾಕು.

ದುಪ್ಪಟ್ಟು ಕೊಟ್ಟವರನ್ನು ಸಾಲಿನಲ್ಲಿ ಮುಂದೆ ಬಿಡುವ ಫಾಸ್ಟ್ ಟ್ರ್ಯಾಕ್ ಟಿಕೆಟ್ ಬಗ್ಗೆಯೂ ಒಂದು ಮಾತು. ಹಬ್ಬದ ರಜೆಯಲ್ಲಿ ಒಂದು ರೈಡಿಗೆ ಮುಕ್ಕಾಲು ಗಂಟೆ ನಿಲ್ಲಬೇಕು. ನಾವು ಕೊಂಡದ್ದು ಆ ಒಂದು ದಿನದ ಹೊತ್ತನ್ನೇ ಅಲ್ಲವೇ? ಪಕ್ಕದ ಬಾಗಿಲಿನಿಂದ ಒಬ್ಬೊಬ್ಬರು ಒಳಗೆ ಹೋದ ಹಾಗೆ ನಮ್ಮ ಸಾಲು ಅಲ್ಲೇ ನಿಲ್ಲುತ್ತದೆ. ಅವರು ಯಾಕೆ ಮೊದಲು ಎಂದು ಮಗಳು ಕೇಳಿದಳು. ಉತ್ತರ ಹೇಳಲು ನನಗೆ ಕಷ್ಟವಾಯಿತು.

ವಾರದ ದಿನ ಬಂದರೆ ಅಗ್ಗ ಎನ್ನುತ್ತೀರಿ. ವಾರದ ದಿನ ಶಾಲೆ ಇರುತ್ತದೆ. ಶಾಲೆಗೆ ರಜೆ ಬರುವುದು ದಸರಾಕ್ಕೆ ಮತ್ತು ಏಪ್ರಿಲ್-ಮೇ ತಿಂಗಳಲ್ಲಿ, ಆಗಲೇ ನಿಮ್ಮ ದರ ಏರಿರುತ್ತದೆ. ಶಾಲೆಗೆ ಹೋಗುವ ಮಕ್ಕಳಿರುವ ಕುಟುಂಬಕ್ಕೆ ಸಿಗದ ರಿಯಾಯಿತಿಯನ್ನು ಕುಟುಂಬದ ರಿಯಾಯಿತಿ ಎಂದು ಕರೆಯುವುದು ತಪ್ಪು.

ಈಗ ಸರ್ಕಾರಕ್ಕೆ. ಕಾನೂನು ಇಲ್ಲದೆ ನಾವು ಕೇಳುತ್ತಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಕೇಂದ್ರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಆನ್‌ಲೈನ್ ಮಾರಾಟದ 13 ಬಗೆಯ ಮೋಸಗಳನ್ನು ಪಟ್ಟಿ ಮಾಡಿದೆ. ಮೊದಲು ಕಡಿಮೆ ಬೆಲೆ ತೋರಿಸಿ ಹಣ ಕಟ್ಟುವ ಹಂತದಲ್ಲಿ ಉಳಿದದ್ದನ್ನು ಸೇರಿಸುವುದು ಅದರಲ್ಲಿ ಒಂದು. 1,100 ಎಂದು ತೋರಿಸಿದ್ದು 1,593 ಆಗುವುದು ಇದೇ ಅಲ್ಲದೆ ಮತ್ತೇನು? ಮನರಂಜನೆ ಸಂವಿಧಾನದ ರಾಜ್ಯಪಟ್ಟಿಯ 33ನೇ ನಮೂದಿನಲ್ಲಿದೆ, ಅಂದರೆ ರಾಜ್ಯ ಸರ್ಕಾರಕ್ಕೆ ಇಲ್ಲಿ ಅಧಿಕಾರವೂ ಇದೆ. ಸಿನಿಮಾ ಟಿಕೆಟ್‌ಗೆ 200 ರೂಪಾಯಿ ಮಿತಿ ಹಾಕಿ 2025ರ ಸೆಪ್ಟೆಂಬರಿನಲ್ಲಿ ಸರ್ಕಾರ ನಿಯಮ ತಂದಿತು, ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ನಾನು ಮಿತಿ ಹಾಕಿ ಎಂದು ಕೇಳುತ್ತಿಲ್ಲ. ಇರುವ ಬೆಲೆಯನ್ನು ಪೂರ್ತಿ ಹೇಳಿಸಿ ಎನ್ನುತ್ತಿದ್ದೇನೆ.

ತೆರಿಗೆಯ ಲೆಕ್ಕವನ್ನೂ ನೋಡಿ. 2017ರಲ್ಲಿ ಜಿಎಸ್‌ಟಿ ಬಂದಾಗ ಇಂಥ ಪಾರ್ಕುಗಳಿಗೆ ಶೇ 28 ಇತ್ತು, 2018ರ ಜನವರಿ 25ರಿಂದ ಶೇ 18 ಆಯಿತು. ಅಲ್ಲಿಗೇ ನಿಂತಿದೆ. ಮೃಗಾಲಯದ ಟಿಕೆಟ್‌ಗೆ ಈ ತೆರಿಗೆ ಇಲ್ಲ. ನೂರು ರೂಪಾಯಿಯವರೆಗಿನ ಸಿನಿಮಾ ಟಿಕೆಟ್‌ಗೆ 2025ರ ಸೆಪ್ಟೆಂಬರ್ 22ರಿಂದ ಶೇ 5 ಮಾತ್ರ. ಪಾರ್ಕಿನಲ್ಲಿ ಮಾತ್ರ ಎಲ್ಲ ಟಿಕೆಟ್‌ಗೂ ಒಂದೇ ತೆರಿಗೆ, ಮಗುವಿನದಾದರೂ ಅಷ್ಟೇ, ಫಾಸ್ಟ್ ಟ್ರ್ಯಾಕಿನದಾದರೂ ಅಷ್ಟೇ. ಮಕ್ಕಳ ಮತ್ತು ಹಿರಿಯರ ಟಿಕೆಟ್‌ಗೆ ತೆರಿಗೆ ಇಳಿಸುವಂತೆ ಜಿಎಸ್‌ಟಿ ಮಂಡಳಿಯಲ್ಲಿ ನಮ್ಮ ರಾಜ್ಯ ಕೇಳಬೇಕು.

ಇದು ಖಾಸಗಿಯವರ ವ್ಯವಹಾರ, ನಮಗೇನು ಎಂದು ಸರ್ಕಾರ ಇನ್ನು ಹೇಳುವ ಹಾಗಿಲ್ಲ. ಕೆಆರ್‌ಎಸ್‌ನ ಬೃಂದಾವನ ಉದ್ಯಾನವನ್ನು ಖಾಸಗಿ ಸಹಭಾಗಿತ್ವದಲ್ಲಿ 2,600 ಕೋಟಿ ರೂಪಾಯಿಗೂ ಹೆಚ್ಚಿನ ವೆಚ್ಚದಲ್ಲಿ ಮೇಲ್ದರ್ಜೆಗೇರಿಸುವ ಯೋಜನೆಗೆ 2024ರಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿದೆ. ಅಣೆಕಟ್ಟಿನ ಬಗ್ಗೆ ರೈತರು ಎತ್ತಿರುವ ಆಕ್ಷೇಪ ಬೇರೆ ವಿಷಯ, ಅದನ್ನು ಅವರೇ ಚೆನ್ನಾಗಿ ಹೇಳುತ್ತಿದ್ದಾರೆ. ನಾನು ಕೇಳುವುದು ಇನ್ನೊಂದು. ನಮ್ಮ ಅಪ್ಪ ಅಮ್ಮ ಬುತ್ತಿ ಕಟ್ಟಿಕೊಂಡು ಹೋಗಿ ಹುಲ್ಲಿನ ಮೇಲೆ ಕೂತು ಉಂಡು, ಕತ್ತಲಾದ ಮೇಲೆ ಕಾರಂಜಿ ನೋಡಿ ಬರುತ್ತಿದ್ದ ಜಾಗ ಅದು. ಅದನ್ನು ಕಟ್ಟುವವರ ಜೊತೆ ಕರಾರು ಬರೆಯುವಾಗ ಬುತ್ತಿ ಒಳಗೆ ಹೋಗಬಹುದೋ ಇಲ್ಲವೋ, ರೈಡ್ ಹತ್ತದ ಅಜ್ಜಿಗೆ ಎಷ್ಟು, ಕುಡಿಯುವ ನೀರು ಎಲ್ಲಿ ಎಂಬುದನ್ನು ಬರೆದುಕೊಳ್ಳಿ. ಬಾಗಿಲಿಗೆ ಬೀಗ ಹಾಕಿದ ಮೇಲೆ ಕೇಳಿದರೆ ನಡೆಯುವುದಿಲ್ಲ.

ಮಾಲೀಕರಲ್ಲಿ ನನ್ನ ಕೋರಿಕೆ ದೊಡ್ಡದಲ್ಲ. ಮೊದಲ ಪುಟದಲ್ಲೇ ತೆರಿಗೆ, ಶುಲ್ಕ ಎಲ್ಲ ಸೇರಿದ ಬೆಲೆ ಹಾಕಿ. ಅದರ ಕೆಳಗೆ ಕನ್ನಡದಲ್ಲಿ ಉಡುಪು, ಲಾಕರು, ಪಾರ್ಕಿಂಗು, ಒಂದು ಊಟ, ಒಂದು ಬಾಟಲಿ ನೀರು ಎಷ್ಟೆಂದು ಬರೆಯಿರಿ. ಮಗುವಿನ ಎತ್ತರ ಹಾಕಿದರೆ ಅದು ಹತ್ತಬಹುದಾದ ರೈಡ್‌ಗಳ ಪಟ್ಟಿ ಬರಲಿ. ನಾಲ್ಕು ರೈಡಿಗಾಗಿ ಪೂರ್ತಿ ಟಿಕೆಟ್ ಕೊಳ್ಳಬೇಕೋ ಬೇಡವೋ ಎಂದು ಆಗ ನಾವು ಯೋಚಿಸುತ್ತೇವೆ. ಹತ್ತದವರಿಗೆ ಬರಿಯ ಪ್ರವೇಶದ ಟಿಕೆಟ್ ಇರಲಿ. ಇಷ್ಟು ಮಾಡಿದರೆ ನಿಮ್ಮ ವ್ಯಾಪಾರ ಬೀಳುವುದಿಲ್ಲ. ನಮ್ಮೂರಿನಲ್ಲಿ ಎಷ್ಟೋ ಮನೆಗಳು ಒಳಗೆ ಹೋದಮೇಲೆ ಇನ್ನೆಷ್ಟು ಆಗುತ್ತದೋ ಎಂಬ ಭಯಕ್ಕೇ ಹೊರಟಿಲ್ಲ. ಲೆಕ್ಕ ತಿಳಿದರೆ ಒಂದು ವರ್ಷ ಹೆಚ್ಚು ಕೂಡಿಟ್ಟಾದರೂ ಬರುತ್ತಾರೆ.

ಓದುವ ಅಕ್ಕ ತಂಗಿಯರಿಗೆ, ಅಣ್ಣ ತಮ್ಮಂದಿರಿಗೆ ಒಂದು ಮಾತು. ಮೊದಲು ತೋರಿಸಿದ ದರದ ಪುಟವನ್ನೂ ಕೊನೆಗೆ ಹಣ ಕಟ್ಟಿದ ಪುಟವನ್ನೂ ಮೊಬೈಲಿನಲ್ಲಿ ಉಳಿಸಿಕೊಳ್ಳಿ. ಬಿಲ್ಲು ಕೇಳಿ ಪಡೆಯಿರಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915, ಕರೆ ಮಾಡಿ ದೂರು ದಾಖಲಿಸಿ. ಒಬ್ಬರು ಹೇಳಿದರೆ ಗೊಣಗಾಟ ಎನ್ನುತ್ತಾರೆ, ನೂರು ಜನ ಬರೆದುಕೊಟ್ಟರೆ ಕಡತ ಏಳುತ್ತದೆ.

ಸಚಿವರೇ, ಬರುವ ಬೇಸಿಗೆ ರಜೆಯ ಬುಕಿಂಗ್ ಶುರುವಾಗುವ ಮುಂಚೆ ಪೂರ್ತಿ ಬೆಲೆಯನ್ನು ಮೊದಲೇ ತೋರಿಸಬೇಕೆಂದೂ ಉಚಿತ ಕುಡಿಯುವ ನೀರು ಇಡಬೇಕೆಂದೂ ರಾಜ್ಯದ ಎಲ್ಲ ಪಾರ್ಕುಗಳಿಗೆ ಆದೇಶ ಕೊಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇತಿ,
ತಮ್ಮ ವಿಶ್ವಾಸಿ,
ಇಬ್ಬರು ಮಕ್ಕಳ ತಾಯಿ, ತಿಪಟೂರು ತಾಲ್ಲೂಕು