ಉರು ಹೊಡೆಯದವನ ಮನೋಧರ್ಮ

ನಮ್ಮ ದಕ್ಷಿಣ ಕನ್ನಡದವರಿಗೆ ಸ್ಯಾಕ್ಸೋಫೋನ್ ಪರಕೀಯ ವಾದ್ಯವೇನಲ್ಲ. ಮದುವೆಯ ಧಾರೆಗೂ ಅದು ಬೇಕು, ದೇವಸ್ಥಾನದ ಉತ್ಸವಕ್ಕೂ ಬೇಕು. ಹಾಗಾಗಿ ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಅಣ್ಣನ ಮಗ ಸಂಬಳ ಉಳಿಸಿ ಸ್ಯಾಕ್ಸೋಫೋನ್ ಕೊಂಡು, ಜಾಝ್ ಕಲಿಯಲು ಹೊರಟಾಗ ನನಗೆ ಆಶ್ಚರ್ಯವಾಗಲಿಲ್ಲ. ಆಶ್ಚರ್ಯವಾದದ್ದು ಮೂರೇ ತಿಂಗಳಿಗೆ ಬಿಟ್ಟು ಬಂದದ್ದು.

"ಜಾಝ್ ಅಂದರೆ ಸ್ವಾತಂತ್ರ್ಯ ಅತ್ತೆ. ಈ ಮೇಷ್ಟ್ರು ನೋಡಿದರೆ ಲೆಸ್ಟರ್ ಯಂಗ್ ಅನ್ನುವವನು ನುಡಿಸಿದ ಒಂದೇ ತುಂಡನ್ನು ಬಾಯಲ್ಲಿ ಹಾಡು, ಹಾಡು ಅಂತಾರೆ. ವಾದ್ಯ ಮುಟ್ಟೋದು ಆಮೇಲಂತೆ. ಹೀಗೆ ಉರು ಹೊಡೆದರೆ ನನ್ನತನ ಏನಾಗಬೇಕು?"

ಇದ್ದರೆ ತಾನೇ ಏನಾದರೂ ಆಗುವುದು, ಎಂದು ಬಾಯಿಗೆ ಬಂತು. ಕಾಫಿ ಕೊಟ್ಟು ಸುಮ್ಮನಾದೆ. ಅಲ್ಲಿ ನುಂಗಿದ್ದನ್ನು ಇಲ್ಲಿ ಹೇಳುತ್ತೇನೆ.

ಚಾರ್ಲಿ ಪಾರ್ಕರ್ ಎಂಬ ಕ್ಯಾನ್ಸಸ್ ಸಿಟಿಯ ಹುಡುಗನೂ ಹದಿಹರೆಯದಲ್ಲಿ ಹೀಗೇ 'ಸ್ವತಂತ್ರ'ವಾಗಿ ನುಡಿಸಲು ಹೋಗಿ ನಡುವೆ ದಾರಿ ತಪ್ಪಿದ. ಡ್ರಮ್ ಬಾರಿಸುತ್ತಿದ್ದ ಜೋ ಜೋನ್ಸ್ ಕಂಚಿನ ತಾಳವನ್ನು ಬಿಚ್ಚಿ ನೆಲಕ್ಕೆ ಎಸೆದನಂತೆ. ಜನ ನಕ್ಕರು. ಹುಡುಗ 1937ರ ಬೇಸಿಗೆಯಲ್ಲಿ ಓಝಾರ್ಕ್ ಬೆಟ್ಟಗಳ ಕಡೆ ವಾದ್ಯವೃಂದವೊಂದರ ಕೆಲಸಕ್ಕೆ ಹೋದ. ಜೊತೆಗೆ ಲೆಸ್ಟರ್ ಯಂಗ್‌ನ ಗ್ರಾಮಫೋನ್ ತಟ್ಟೆಗಳನ್ನು ಒಯ್ದು, ಅವನ ವಾದನವನ್ನು ಸ್ವರಸ್ವರವಾಗಿ ಕಲಿತ. ಹಿಂದಿರುಗಿದಾಗ ನಗುವವರಿರಲಿಲ್ಲ. ಹಾಗೆಂದು ಅವನು ಲೆಸ್ಟರನ ನೆರಳಾದನೇ? ಒಬ್ಬನದು ಆರಾಮವಾಗಿ ಒರಗಿ ಕುಳಿತು ಆಡುವ ಮಾತು, ಇನ್ನೊಬ್ಬನದು ಮಿಂಚು. ಕಿವಿಯಿರುವ ಯಾರೂ ಒಬ್ಬರನ್ನು ಇನ್ನೊಬ್ಬರೆಂದು ತಿಳಿಯಲಾರರು.

ನ್ಯೂಯಾರ್ಕಿನ ಅಂಧ ಪಿಯಾನೋ ವಾದಕ ಲೆನ್ನಿ ಟ್ರಿಸ್ಟಾನೊ ತನ್ನ ಶಿಷ್ಯರಿಂದ ಲೆಸ್ಟರ್, ಪಾರ್ಕರ್ ಇವರ ವಾದನವನ್ನು ತಟ್ಟೆಯ ಜೊತೆ ಹಾಡಿಸುತ್ತಿದ್ದ. ಹೀಗೆ ಹಾಡಿದ ಶಿಷ್ಯ ಲೀ ಕೋನಿಟ್ಸ್, ಆಲ್ಟೋ ಹಿಡಿದವರೆಲ್ಲ ಪಾರ್ಕರನಂತೆ ನುಡಿಸುತ್ತಿದ್ದ ಕಾಲದಲ್ಲಿ ತನ್ನದೇ ನಾದ ಹುಡುಕಿಕೊಂಡ. ಬೆರಳಿಗೆ ಸೋಮಾರಿತನ ಹೆಚ್ಚು. ಗೊತ್ತಿರುವ ಜಾಗಕ್ಕೇ ಓಡುತ್ತದೆ. ಗಂಟಲು ಕೇಳದ್ದನ್ನು ಹಾಡಲಾರದು. ಲೆಸ್ಟರ್ ತಾಳಕ್ಕಿಂತ ಕೂದಲೆಳೆಯಷ್ಟು ಹಿಂದೆ ನಿಲ್ಲುವುದನ್ನು ಯಾವ ಸ್ವರಲಿಪಿಯಲ್ಲಿ ಬರೆಯುತ್ತೀರಿ?

ನಮ್ಮ ಕದ್ರಿ ಗೋಪಾಲನಾಥರು ಮದರಾಸಿನಲ್ಲಿ ಆಶ್ರಯಿಸಿದ ಗುರು ಟಿ.ವಿ. ಗೋಪಾಲಕೃಷ್ಣನ್ ಗಾಯಕರು, ಮೃದಂಗ ವಿದ್ವಾಂಸರು. ಸ್ಯಾಕ್ಸೋಫೋನಿನವರಲ್ಲ. ಗಮಕಕ್ಕೆಂದು ಮಾಡಿರದ ಆ ವಾದ್ಯದಲ್ಲಿ ಗಮಕ ಹೊರಡಿಸಿ, 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಅವರು ನುಡಿಸಿದ ಮನೋಧರ್ಮದ ಹಿಂದೆ ಎಷ್ಟು ವರ್ಣ, ಎಷ್ಟು ಕೀರ್ತನೆಗಳ ಪಾಠವಿತ್ತು!

ಗೈಡು ನೋಡಿ ಉತ್ತರ ಕಕ್ಕುವುದನ್ನೂ ನಾವು ಬಾಯಿಪಾಠವೆನ್ನುತ್ತೇವೆ. ಅದನ್ನು ನಾನು ಸಮರ್ಥಿಸುತ್ತಿಲ್ಲ. ಅಲ್ಲಿ ಕಿವಿಗೆ ಕೆಲಸವಿಲ್ಲ, ಪರೀಕ್ಷೆ ಮುಗಿದ ಸಂಜೆಗೆ ಎಲ್ಲ ಖಾಲಿ. ಆದರೆ ಎರಡಕ್ಕೂ ಒಂದೇ ಹೆಸರಿಟ್ಟು ಒಳ್ಳೆಯದನ್ನೂ ಹೊರಗೆಸೆದವರು ಯಾರು? ನಮ್ಮ ತರಬೇತಿ ಶಿಬಿರಗಳ ಪಂಡಿತರು. ಪಂಡಿತರನ್ನು ಬೈದು ನಾನು ತಪ್ಪಿಸಿಕೊಳ್ಳುವಂತಿಲ್ಲ. ಹತ್ತು ವರ್ಷಗಳ ಹಿಂದೆ ಅಂಥದೊಂದು ಶಿಬಿರದಿಂದ ಬಂದವಳು, ಮಕ್ಕಳ 'ಸೃಜನಶೀಲತೆ' ಕೆಡಬಾರದೆಂದು ತರಗತಿಯಲ್ಲಿ ಪದ್ಯ ಹೇಳಿಸುವುದನ್ನೇ ನಿಲ್ಲಿಸಿದೆ. ಮಗ್ಗಿಯೂ ಹೋಯಿತು. 'ನಿಮಗೆ ತೋಚಿದ್ದು ಬರೆಯಿರಿ' ಎಂದರೆ ಮಕ್ಕಳು ನನ್ನ ಮುಖ ನೋಡುತ್ತಿದ್ದರು. ತೋಚಲು ಒಳಗೆ ನಾನು ಏನನ್ನೂ ಹಾಕಿರಲಿಲ್ಲ.

ಈ ಜೂನ್‌ನಿಂದ ಬೆಳಗಿನ ಹತ್ತು ನಿಮಿಷ ಏಳನೆಯ ತರಗತಿಯವರಿಂದ ಪದ್ಯ ಹಾಡಿಸುತ್ತಿದ್ದೇನೆ, ಪುಸ್ತಕ ಮುಚ್ಚಿಸಿ. ಹೊಸ ತಲೆಮಾರಿನ ಸಹೋದ್ಯೋಗಿಗಳು ಒಳಗೊಳಗೇ ನಗುತ್ತಾರೆ.

ಸ್ಯಾಕ್ಸೋಫೋನ್ ಪೆಟ್ಟಿಗೆ ನಮ್ಮ ಅಟ್ಟದಲ್ಲಿದೆ. ಯಾರಿಗಾದರೂ ಮಾರಿಬಿಡಿ ಅತ್ತೆ, ಎಂದು ಎರಡು ಸಲ ಫೋನ್ ಮಾಡಿದ. ಗಿರಾಕಿ ಬಂದಿಲ್ಲವೆಂದು ಸುಳ್ಳು ಹೇಳಿದ್ದೇನೆ.